ಹದಿನೈದು ಜನ ಆಟಗಾರರು, ಒಂದೇ ಗಂಟು...

ಕಾಲೇಜಿನಲ್ಲಿದ್ದಾಗ ನನ್ನ ಎತ್ತರ ನೋಡಿ ಬಾಸ್ಕೆಟ್‌ಬಾಲ್ ಟೀಮಿಗೆ ಸೇರಿಸಿಕೊಂಡಿದ್ದರು, ಆಟ ನೋಡಿ ಅಲ್ಲ :) ಮ್ಯಾಚ್ ಮುಗಿದ ಮೇಲೆ ಒಂದು ಪ್ಲೇಟ್ ಇಡ್ಲಿ-ವಡೆ, ಒಂದು ಕಾಫಿ. ನಮ್ಮ ಸಂಭಾವನೆ ಅಷ್ಟೇ. ಹಾಗಾಗಿ ಅಮೆರಿಕದ ಕಾಲೇಜುಗಳು ಆಟಗಾರರಿಗೆ ಲಕ್ಷಗಟ್ಟಲೆ ಡಾಲರ್ ಕೊಡುತ್ತಿವೆ ಅಂತ ಓದಿದಾಗ, ಇದು ಎಲ್ಲಿಂದ ಶುರುವಾಯ್ತು ಅಂತ ಹುಡುಕುತ್ತಾ ಕೂತೆ.

ನೋಡಿದರೆ, ದುಡ್ಡು ಹೊಸದೇ ಅಲ್ಲ! ಆಟಗಾರರನ್ನು ಸೆಳೆಯಲು ಕಾಲೇಜುಗಳಲ್ಲಿ ಒಳಗಿಂದೊಳಗೇ ಹಣ ಓಡಾಡುತ್ತಿದೆ ಅಂತ ಕಾರ್ನೆಗಿ ಫೌಂಡೇಶನ್ 1929ರಲ್ಲೇ ವರದಿ ಕೊಟ್ಟಿತ್ತು. ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ 1956ರಲ್ಲಿ ಕ್ರೀಡಾ ವಿದ್ಯಾರ್ಥಿವೇತನಕ್ಕೆ ಒಪ್ಪಿತು. ಫೀಸು, ಊಟ, ವಸತಿ, ಪುಸ್ತಕ, ಕೈಖರ್ಚಿಗೆ ಒಂದಿಷ್ಟು. ಅದರ ಮೇಲೆ ಕೊಟ್ಟರೆ ತಪ್ಪು. ಆದರೂ ಕೊಡುವವರು ಕೊಡುತ್ತಲೇ ಇದ್ದರು. ಮಿಷಿಗನ್ ವಿಶ್ವವಿದ್ಯಾಲಯದ ನಾಲ್ವರು ಆಟಗಾರರಿಗೆ ಒಟ್ಟು 6.16 ಲಕ್ಷ ಡಾಲರ್ ಸಾಲ ಕೊಟ್ಟಿದ್ದಾಗಿ ಅಭಿಮಾನಿಯೊಬ್ಬ 2002ರಲ್ಲಿ ಒಪ್ಪಿಕೊಂಡ. ಅದೇ ವರ್ಷ ವಿಶ್ವವಿದ್ಯಾಲಯ ತನ್ನ ಸ್ಟೇಡಿಯಂನಿಂದ 1992, 1993ರ ಸಾಧನೆಯ ಬ್ಯಾನರುಗಳನ್ನು ಇಳಿಸಿತು.

ಆಮೇಲೆ ಕೋರ್ಟಿನ ಕಾಲ. ಯುಸಿಎಲ್‌ಎ 1995ರಲ್ಲಿ ಚಾಂಪಿಯನ್ ಆದಾಗ ಆಡಿದ್ದ ಎಡ್ ಓಬ್ಯಾನನ್, ವಿಡಿಯೋ ಗೇಮಿನಲ್ಲಿ ತನ್ನದೇ ರೂಪ ಕಂಡು, 'ನನಗೆ ಪಾಲೆಲ್ಲಿ?' ಅಂತ 2009ರಲ್ಲಿ ದಾವೆ ಹೂಡಿದರು. 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರು, ಚಿತ್ರದಿಂದ ಗಳಿಸಬಹುದು ಅಂತಾಯ್ತು. 2025ರ ಜೂನಿನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯ ಪ್ರಕಾರ, ಕಾಲೇಜುಗಳೇ ನೇರವಾಗಿ ದುಡ್ಡು ಕೊಡಬಹುದು. 2025-26ಕ್ಕೆ ಎಲ್ಲಾ ಆಟಗಳಿಗೂ ಸೇರಿ ಗರಿಷ್ಠ 2.05 ಕೋಟಿ ಡಾಲರ್.

ಅಲ್ಲಿಂದ ಶುರು ನಮ್ಮ ಮನೆ ಲೆಕ್ಕ. ಫುಟ್‌ಬಾಲಿಗೆ ಸಿಂಹಪಾಲು ಹೋಗಿ ಪುರುಷರ ಬಾಸ್ಕೆಟ್‌ಬಾಲಿಗೆ ಶೇಕಡಾ 15 ಉಳಿಯಿತು ಅಂದುಕೊಳ್ಳಿ. ಅಂದರೆ ಸುಮಾರು 30 ಲಕ್ಷ ಡಾಲರ್. ಟೀಮಿನಲ್ಲಿ ಹೆಚ್ಚೆಂದರೆ 15 ಜನ, ತಲೆಗೆ 2 ಲಕ್ಷ. ಆದರೆ ಅಂಕಣದಲ್ಲಿರುವುದು ಐದೇ ಜನ. ಒಬ್ಬ ಒಳ್ಳೆಯ ಆಟಗಾರ ಇಡೀ ಆಟ ತಿರುಗಿಸಬಲ್ಲ. ಹಾಗಂತ ಅವನೊಬ್ಬನಿಗೇ ಅರ್ಧ ಗಂಟು ಸುರಿದರೆ, ಅವನ ಮೊಣಕಾಲು ಉಳುಕಿದ ದಿನ ಏನು ಗತಿ?

ಇನ್ನೊಂದು ಖರ್ಚನ್ನು ಮರೆಯೋ ಹಾಗಿಲ್ಲ: ಇರುವವರನ್ನು ಉಳಿಸಿಕೊಳ್ಳೋದು. 2022ರಲ್ಲಿ ಜೆರ್ಸಿ ಸಿಟಿಯ ಪುಟ್ಟ ಸೇಂಟ್ ಪೀಟರ್ಸ್ ತಂಡ ಕೆಂಟಕಿಯಂಥ ದೈತ್ಯನನ್ನು ಸೋಲಿಸಿ ಕೊನೆಯ ಎಂಟರ ಘಟ್ಟ ತಲುಪಿತ್ತು. 15ನೇ ಶ್ರೇಯಾಂಕದ ತಂಡವೊಂದು ಅಲ್ಲಿಗೆ ಬಂದದ್ದು ಅದೇ ಮೊದಲು. ಸೀಸನ್ ಮುಗಿದ ಮೇಲೆ ಕೋಚ್ ಬೇರೆ ಕಡೆ ಹೋದರು, ಮುಖ್ಯ ಆಟಗಾರರೂ ಬಹುಪಾಲು ಚದುರಿಹೋದರು. ಬೆಳೆಸಿದವರು ಇವರು, ಫಸಲು ಇನ್ಯಾರಿಗೋ!

ಅಮ್ಮ ಪ್ರತಿ ತಿಂಗಳೂ ಸಾಸಿವೆ ಡಬ್ಬಿಯಲ್ಲಿ ಒಂದಿಷ್ಟು ಎತ್ತಿಡುತ್ತಿದ್ದಳು. ನಾನು ಕೋಚ್ ಆಗಿದ್ದರೆ ಹೊಸಬರ ಬೇಟೆಗೆ ಹೋಗುವ ಮುಂಚೆ ಇರುವ ಹುಡುಗರ ಪಾಲನ್ನು ಹಾಗೆ ಎತ್ತಿಡುತ್ತಿದ್ದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋದು ಸರಿಯೇ. ಆದರೆ ಸೇಂಟ್ ಪೀಟರ್ಸ್‌ನಂಥವರ ಹಾಸಿಗೆಯೇ ಗಿಡ್ಡ, ಅದಕ್ಕೇನು ಮಾಡೋದು? ಕೋರ್ಟುಗಳು ಆಟಗಾರನಿಗೆ ನ್ಯಾಯ ಕೊಟ್ಟವು, ಸರಿ. ಸಣ್ಣ ಕಾಲೇಜಿನ ಲೆಕ್ಕ ಮಾತ್ರ ಇನ್ನೂ ಬಾಕಿ ಇದೆ ಅಂತ ನನಗನಿಸುತ್ತೆ. ನೀವೇನಂತೀರಿ?