ಬಂದೂಕು ಅದೇ, ಹಿಡಿದ ಕೈ ಬೇರೆ

ನಮ್ಮ ಅಧ್ಯಯನ ಶಿಬಿರಗಳಲ್ಲಿ ಬ್ಲ್ಯಾಕ್ ಪ್ಯಾಂಥರ್ಸ್ ಹೆಸರು ಬಂದರೆ ಸಾಕು, ಹುಡುಗರ ಮುಖ ಅರಳುತ್ತೆ. ಕಪ್ಪು ಜಾಕೆಟ್ಟು, ಓರೆಯಾಗಿಟ್ಟ ಟೋಪಿ, ಕೈಯಲ್ಲಿ ಬಂದೂಕು. ಎಷ್ಟೋ ಜನರ ವಾಟ್ಸಾಪ್ ಡಿಪಿಯಲ್ಲೂ ಆ ಫೋಟೊ ಇದೆ. ಆದರೆ ಆ ಬಂದೂಕು ಅವರ ಕೈಗೆ ಹೇಗೆ ಬಂತು, ಯಾವ ಕಾನೂನು ತಂದು ಅದನ್ನು ಕಿತ್ತುಕೊಂಡರು, ಕಿತ್ತುಕೊಂಡವರು ಯಾರು ಅನ್ನೋದು ಬಹಳ ಜನರಿಗೆ ಗೊತ್ತಿಲ್ಲ. ಆ ಚರಿತ್ರೆ ನಮಗೂ ಬೇಕಾದದ್ದು ಅನ್ನಿಸಿ ಬರೀತಿದ್ದೀನಿ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ಇವತ್ತು ಅಮೆರಿಕದಲ್ಲಿ ಬಂದೂಕಿನ ಹಕ್ಕು ಅಂದ ತಕ್ಷಣ ನೆನಪಾಗೋದು ರಿಪಬ್ಲಿಕನ್ ಪಕ್ಷ ಮತ್ತು ನ್ಯಾಷನಲ್ ರೈಫಲ್ ಅಸೋಸಿಯೇಷನ್ (ಎನ್‌ಆರ್‌ಎ). 1791ರ ಎರಡನೇ ತಿದ್ದುಪಡಿ ಕೊಟ್ಟ ಹಕ್ಕು, ಇದನ್ನು ಯಾರೂ ಮುಟ್ಟಬಾರದು ಅಂತ ಅವರ ವಾದ. ಸರಿ. ಆದರೆ ಈ ಹಕ್ಕು ಮೊದಲಿನಿಂದಲೂ ಎಲ್ಲರಿಗೂ ಇತ್ತಾ?

1857ರ ಡ್ರೆಡ್ ಸ್ಕಾಟ್ ತೀರ್ಪು ನೋಡಿ. ಕಪ್ಪುಜನರು ಅಮೆರಿಕದ ಪ್ರಜೆಗಳಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು ಆಗಲೇ. ಅದಕ್ಕೆ ಮುಖ್ಯ ನ್ಯಾಯಮೂರ್ತಿ ಟಾನಿ ಕೊಟ್ಟ ಕಾರಣಗಳಲ್ಲಿ ಒಂದು ಇದು: ಇವರನ್ನು ಪ್ರಜೆಗಳು ಅಂತ ಒಪ್ಪಿದರೆ ಇವರು ಸಭೆ ಸೇರಬಹುದು, ರಾಜಕೀಯ ಮಾತಾಡಬಹುದು, ಹೋದಲ್ಲೆಲ್ಲ ಆಯುಧ ಹಿಡಿದು ಓಡಾಡಬಹುದು! ಅಂದರೆ ಪ್ರಜೆಗೆ ಆ ಹಕ್ಕಿದೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿಯೇ ಪ್ರಜೆ ಅಂತ ಒಪ್ಪಲು ತಯಾರಿರಲಿಲ್ಲ. ಗುಲಾಮಗಿರಿ ಹೋದ ವರ್ಷವೇ, 1865ರಲ್ಲಿ, ಮಿಸಿಸಿಪ್ಪಿ ರಾಜ್ಯ ಒಂದು ಕಾನೂನು ಮಾಡಿತು. ಬಿಡುಗಡೆಯಾದ ಕಪ್ಪುಜನ ಲೈಸೆನ್ಸ್ ಇಲ್ಲದೆ ಆಯುಧ ಇಟ್ಟುಕೊಳ್ಳುವಂತಿಲ್ಲ. 1956ರಲ್ಲಿ ಮಾಂಟ್‌ಗೊಮರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮನೆ ಮೇಲೆ ಬಾಂಬ್ ಬಿತ್ತು. ಅಹಿಂಸೆಯ ನಾಯಕ ಕಿಂಗ್ ಕೂಡ ಆಗ ಬಂದೂಕಿನ ಪರವಾನಗಿಗೆ ಅರ್ಜಿ ಹಾಕಿದರು. ಅರ್ಜಿ ತಿರಸ್ಕಾರವಾಯಿತು.

ಈಗ ಕ್ಯಾಲಿಫೋರ್ನಿಯಾಕ್ಕೆ ಬನ್ನಿ. 1966ರ ಅಕ್ಟೋಬರಿನಲ್ಲಿ ಓಕ್‌ಲ್ಯಾಂಡ್ ನಗರದಲ್ಲಿ ಹ್ಯೂಯಿ ನ್ಯೂಟನ್ ಮತ್ತು ಬಾಬಿ ಸೀಲ್ ಅನ್ನೋ ಇಬ್ಬರು ಯುವಕರು ಬ್ಲ್ಯಾಕ್ ಪ್ಯಾಂಥರ್ ಪಾರ್ಟಿ ಕಟ್ಟಿದರು. ಅಲ್ಲಿನ ಪೊಲೀಸರಲ್ಲಿ ಬಹುತೇಕ ಬಿಳಿಯರು. ಕಪ್ಪುಜನರ ಕೇರಿಗಳಲ್ಲಿ ಕಾರು ತಡೆಯೋದು, ಹೊಡೆಯೋದು, ಎಳೆದುಕೊಂಡು ಹೋಗೋದು ದಿನನಿತ್ಯದ ಮಾತು. ನ್ಯೂಟನ್ ಕಾನೂನು ಓದಿದ್ದರು. ತುಂಬಿದ ಬಂದೂಕನ್ನು ಎಲ್ಲರಿಗೂ ಕಾಣುವಂತೆ ಹಿಡಿದು ಬೀದಿಯಲ್ಲಿ ನಡೆಯೋದು, ಯಾರ ಕಡೆಗೂ ಗುರಿ ಇಡದಿದ್ದರೆ, ಕ್ಯಾಲಿಫೋರ್ನಿಯಾದಲ್ಲಿ ಅಪರಾಧ ಅಲ್ಲ ಅಂತ ಅವರಿಗೆ ಗೊತ್ತಿತ್ತು. ಬರ್ಕ್ಲಿ ವಿಶ್ವವಿದ್ಯಾಲಯದ ಹತ್ತಿರ ಮಾವೋನ ಕೆಂಪು ಪುಸ್ತಕ ಮಾರಿ, ಬಂದ ದುಡ್ಡಲ್ಲಿ ಬಂದೂಕು ಕೊಂಡರು.

ಆಮೇಲೆ ಪೊಲೀಸ್ ಕಾರಿನ ಹಿಂದೆ ಹೋಗೋಕೆ ಶುರು ಮಾಡಿದರು. ಪೊಲೀಸರು ಯಾರನ್ನಾದರೂ ತಡೆದು ನಿಲ್ಲಿಸಿದರೆ ಇವರೂ ಇಳಿಯೋರು. ಕಾನೂನು ಹೇಳಿದಷ್ಟು ದೂರದಲ್ಲಿ ನಿಂತು, ಸಿಕ್ಕಿಬಿದ್ದವನಿಗೆ ನಿನ್ನ ಹಕ್ಕು ಇಂಥಿಂಥದ್ದು ಅಂತ ಜೋರಾಗಿ ಹೇಳೋರು. ಒಂದು ಕೈಲಿ ಬಂದೂಕು, ಜೊತೆಗೆ ಕಾನೂನು ಪುಸ್ತಕ. ನಮ್ಮ ಹುಡುಗರ ಡಿಪಿಯಲ್ಲಿ ಈ ಪುಸ್ತಕ ಕಾಣಲ್ಲ. ಪೊಲೀಸರಿಗೆ ಮೈಯೆಲ್ಲ ಉರಿದಿದ್ದು ಬಂದೂಕಿಗೆ ಎಷ್ಟೋ ಅಷ್ಟೇ ಈ ಪುಸ್ತಕಕ್ಕೂ ಅಂತ ನನಗನ್ನಿಸುತ್ತೆ.

1967ರ ಏಪ್ರಿಲ್ 1ರಂದು ನಾರ್ತ್ ರಿಚ್‌ಮಂಡ್‌ನಲ್ಲಿ ಡೆಂಜಿಲ್ ಡೋವೆಲ್ ಅನ್ನೋ 22 ವರ್ಷದ ಕಪ್ಪು ಯುವಕನನ್ನು ಶೆರಿಫ್ ಸಿಬ್ಬಂದಿ ಗುಂಡಿಕ್ಕಿ ಕೊಂದರು. ವಿಚಾರಣೆಯ ಹೆಸರಲ್ಲಿ ಅದನ್ನು ಸಮರ್ಥನೀಯ ಅಂತ ಮುಗಿಸಿದರು. ಪ್ಯಾಂಥರ್‌ಗಳು ಬಂದೂಕು ಹಿಡಿದುಕೊಂಡೇ ಆ ಕೇರಿಯಲ್ಲಿ ಸಭೆ ನಡೆಸಿದರು. ಅದೇ ತಿಂಗಳು ಡಾನ್ ಮಲ್ಫೋರ್ಡ್ ಅನ್ನೋ ರಿಪಬ್ಲಿಕನ್ ಶಾಸಕ ಮಸೂದೆ ತಂದರು. ತುಂಬಿದ ಬಂದೂಕನ್ನು ಸಾರ್ವಜನಿಕ ಜಾಗದಲ್ಲಿ ಹಿಡಿದು ಓಡಾಡಬಾರದು ಅಂತ.

ಇದನ್ನು ವಿರೋಧಿಸಿ ಮೇ 2ರಂದು ಸುಮಾರು 30 ಜನ ಪ್ಯಾಂಥರ್‌ಗಳು ರಾಜಧಾನಿ ಸ್ಯಾಕ್ರಮೆಂಟೊಗೆ ಹೋದರು. ಅವರಲ್ಲಿ ಹೆಣ್ಣುಮಕ್ಕಳೂ ಇದ್ದರು. ಬಂದೂಕು ಹಿಡಿದೇ ಶಾಸನಸಭೆಯ ಕಟ್ಟಡದೊಳಗೆ ನಡೆದರು, ಸೀಲ್ ಹೇಳಿಕೆ ಓದಿದರು. ಒಂದೇ ಒಂದು ಗುಂಡು ಹಾರಲಿಲ್ಲ. ಬಂದೂಕು ಹಿಡಿದು ನಡೆದದ್ದೇ ಅಪರಾಧ ಅನ್ನಲು ಅವತ್ತಿನ ಕಾನೂನಲ್ಲಿ ಜಾಗ ಇರಲಿಲ್ಲ. ಕಲಾಪಕ್ಕೆ ಅಡ್ಡಿ ಮಾಡಿದ್ದಕ್ಕೆ ಸೀಲ್ ಜೈಲಿಗೆ ಹೋಗಬೇಕಾಯಿತು. ಅವತ್ತು ಅದೇ ಕಟ್ಟಡದ ಹುಲ್ಲುಹಾಸಿನ ಮೇಲೆ ಶಾಲಾಮಕ್ಕಳ ಜೊತೆ ಇದ್ದ ಗವರ್ನರ್ ರೊನಾಲ್ಡ್ ರೇಗನ್, ಪ್ರಜೆಯೊಬ್ಬ ತುಂಬಿದ ಬಂದೂಕು ಹಿಡಿದು ಬೀದಿಗೆ ಬರಲು ಯಾವ ಕಾರಣವೂ ಇಲ್ಲ ಎಂಬ ಅರ್ಥದ ಮಾತಾಡಿದರು. ಜುಲೈ 28ಕ್ಕೆ ಮಸೂದೆಗೆ ಸಹಿ ಬಿತ್ತು. ತುರ್ತು ಕಾಯ್ದೆ, ತಕ್ಷಣದಿಂದಲೇ ಜಾರಿ. ಎರಡೂ ಪಕ್ಷದವರು ಬೆಂಬಲಿಸಿದರು. ಎನ್‌ಆರ್‌ಎ ಕೂಡ ಬೆಂಬಲಿಸಿತು. ಹೌದು, ಅದೇ ಎನ್‌ಆರ್‌ಎ!

ಮುಂದೆ ಏನಾಯ್ತು? 1977ರಲ್ಲಿ ಸಿನ್ಸಿನಾಟಿ ಸಮ್ಮೇಳನದಲ್ಲಿ ಎನ್‌ಆರ್‌ಎ ಒಳಗೇ ದಂಗೆ ಎದ್ದು, ಯಾವ ನಿಯಂತ್ರಣವನ್ನೂ ಒಪ್ಪದ ಗುಂಪು ಅಧಿಕಾರ ಹಿಡಿಯಿತು. 1980ರಲ್ಲಿ ಆ ಸಂಸ್ಥೆ ತನ್ನ ಚರಿತ್ರೆಯಲ್ಲೇ ಮೊದಲ ಬಾರಿಗೆ ಒಬ್ಬ ಅಧ್ಯಕ್ಷೀಯ ಅಭ್ಯರ್ಥಿಗೆ ಬೆಂಬಲ ಘೋಷಿಸಿತು. ಆ ಅಭ್ಯರ್ಥಿ ರೇಗನ್. 1986ರಲ್ಲಿ ಬಂದೂಕು ಮಾಲೀಕರ ರಕ್ಷಣೆಯ ಕಾಯ್ದೆಗೆ ಸಹಿ ಹಾಕಿದ್ದೂ ಅವರೇ. ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರಿನಿಂದ ಕೈಬಂದೂಕು ಹಿಡಿದು ಓಡಾಡಲು ಪರವಾನಗಿಯೇ ಬೇಡ. 2020ರ ಏಪ್ರಿಲ್ 30ರಂದು ಲಾಕ್‌ಡೌನ್ ವಿರೋಧಿಸಿ, ಬಹುತೇಕ ಬಿಳಿಯರೇ ಇದ್ದ ಗುಂಪೊಂದು ಮಿಷಿಗನ್ ಶಾಸನಸಭೆಯ ಕಟ್ಟಡಕ್ಕೆ ನುಗ್ಗಿತು. ಕೆಲವರ ಕೈಲಿ ರೈಫಲ್ ಇತ್ತು. ಕಟ್ಟಡದೊಳಗೆ ಬಂದೂಕನ್ನು ಬಹಿರಂಗವಾಗಿ ಹಿಡಿಯಬಾರದು ಅಂತ ನಿಯಮ ಬಂದದ್ದು 2021ರ ಜನವರಿಯಲ್ಲಿ, ಎಂಟು ತಿಂಗಳು ಕಳೆದ ಮೇಲೆ. ಸ್ಯಾಕ್ರಮೆಂಟೊದಲ್ಲಿ ಮೂರು ತಿಂಗಳೂ ಬೇಕಾಗಿರಲಿಲ್ಲ.

2016ರ ಜುಲೈನಲ್ಲಿ ಮಿನ್ನೆಸೋಟದಲ್ಲಿ ಫಿಲಾಂಡೊ ಕ್ಯಾಸ್ಟೀಲ್ ಅವರ ಕಾರನ್ನು ಪೊಲೀಸರು ತಡೆದರು. ಕಪ್ಪು ಮನುಷ್ಯ, ಬಂದೂಕಿಗೆ ಪರವಾನಗಿ ಇತ್ತು. ನನ್ನ ಹತ್ತಿರ ಬಂದೂಕಿದೆ ಅಂತ ತಾವಾಗಿಯೇ ಅಧಿಕಾರಿಗೆ ತಿಳಿಸಿದರು. ಗುಂಡು ಹಾರಿತು, ಸತ್ತರು. ಮರುವರ್ಷ ಅಧಿಕಾರಿ ಖುಲಾಸೆ. ಎನ್‌ಆರ್‌ಎ ತೋರಿದ ಮೌನವನ್ನು ಅದರ ಸದಸ್ಯರಲ್ಲೇ ಕೆಲವರು ಖಂಡಿಸಿದರು.

ತಪ್ಪು ತಿಳೀಬೇಡಿ, ಬಂದೂಕು ನಿಯಂತ್ರಣವೇ ಜನಾಂಗದ್ವೇಷ ಅಂತ ನಾನು ಹೇಳ್ತಿಲ್ಲ. 1989ರಲ್ಲಿ ಸ್ಟಾಕ್‌ಟನ್ ಶಾಲೆಯಲ್ಲಿ ಐದು ಮಕ್ಕಳನ್ನು ಗುಂಡಿಟ್ಟು ಕೊಂದ ಮೇಲೆ ಕ್ಯಾಲಿಫೋರ್ನಿಯಾ ಬಿಗಿ ಕಾನೂನು ತಂದದ್ದು ಮಕ್ಕಳ ಜೀವಕ್ಕಾಗಿ. ಗುಂಡಿಗೆ ಬಲಿಯಾಗೋರಲ್ಲಿ ಕಪ್ಪುಜನರೇ ಹೆಚ್ಚಿನ ಪಾಲು ಅನ್ನೋ ಕಾರಣಕ್ಕೆ ಅವರ ನಾಯಕರಲ್ಲೂ ಎಷ್ಟೋ ಜನ ನಿಯಂತ್ರಣ ಬೇಕು ಅಂತಾರೆ. ನಾನು ಕೇಳ್ತಿರೋದು ಬೇರೆ. ಒಂದು ಹಕ್ಕು ವರ್ಷಗಟ್ಟಲೆ ಪುಸ್ತಕದಲ್ಲಿ ತಣ್ಣಗೆ ಮಲಗಿರುತ್ತೆ. ಕೆಳಗಿನವರು ಅದನ್ನು ಬಳಸಿದ ದಿನವೇ ಅದು ಅಪಾಯ ಅಂತ ಯಾಕೆ ಕಾಣಿಸುತ್ತೆ?

ಇದು ನಮಗೆ ಹೊಸದೇನಲ್ಲ. ಮಹಾಡ್ ನೆನಪು ಮಾಡಿಕೊಳ್ಳಿ. ಸಾರ್ವಜನಿಕ ಕೆರೆ ಬಾವಿ ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ 1923ರಲ್ಲೇ ಬಾಂಬೆ ಶಾಸನಸಭೆ ನಿರ್ಣಯ ಮಾಡಿತ್ತು. ಮಹಾಡ್ ಪುರಸಭೆ ಚವದಾರ್ ಕೆರೆಯನ್ನು ಕಾಗದದ ಮೇಲೆ ತೆರೆದೂ ಇತ್ತು. ಯಾರಿಗೂ ತೊಂದರೆ ಇರಲಿಲ್ಲ, ಯಾಕಂದ್ರೆ ಯಾರೂ ನೀರು ಮುಟ್ಟಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಹೋಗಿ ಆ ನೀರು ಕುಡಿದರು. ಜನರ ಮೇಲೆ ಹಲ್ಲೆ ಆಯಿತು, ಕೆರೆಗೆ ಶುದ್ಧಿ ಆಯಿತು. ಆಗಸ್ಟಿನಲ್ಲಿ ಪುರಸಭೆ ತನ್ನ ನಿರ್ಣಯವನ್ನೇ ವಾಪಸ್ ತಗೊಂಡಿತು. ಅಲ್ಲಿ ಬಂದೂಕು, ಇಲ್ಲಿ ಬೊಗಸೆ ನೀರು. ಆಳುವವರ ಬುದ್ಧಿ ಮಾತ್ರ ಒಂದೇ. ಆದರೆ ಬಾಬಾಸಾಹೇಬರು ಕೋರ್ಟ್ ಬಿಡಲಿಲ್ಲ. 1937ರಲ್ಲಿ ಬಾಂಬೆ ಹೈಕೋರ್ಟ್ ತೀರ್ಪು ನಮ್ಮ ಕಡೆಗೆ ಬಂತು. ಹತ್ತು ವರ್ಷ ಹಿಡಿಯಿತು.

ಪ್ಯಾಂಥರ್‌ಗಳ ಕಥೆಯಲ್ಲೂ ಬಂದೂಕು ಅವರನ್ನು ಉಳಿಸಲಿಲ್ಲ. 1969ರ ಡಿಸೆಂಬರ್ 4ರ ಬೆಳಗಿನ ಜಾವ ಶಿಕಾಗೋದಲ್ಲಿ ಪೊಲೀಸರು ದಾಳಿ ಮಾಡಿ, ಹಾಸಿಗೆಯಲ್ಲಿದ್ದ 21 ವರ್ಷದ ಫ್ರೆಡ್ ಹ್ಯಾಂಪ್ಟನ್‌ರನ್ನು ಕೊಂದರು. ಜನರ ಮನಸ್ಸಲ್ಲಿ ಅವರನ್ನು ಉಳಿಸಿದ್ದು ಅದೇ ವರ್ಷ ಶುರುವಾದ ಮಕ್ಕಳ ಉಚಿತ ಬೆಳಗಿನ ತಿಂಡಿ, ಉಚಿತ ಕ್ಲಿನಿಕ್ಕುಗಳು. 1972ರಲ್ಲಿ ಮುಂಬೈಯಲ್ಲಿ ನಾಮದೇವ ಢಸಾಳ್, ಜೆ.ವಿ. ಪವಾರ್, ರಾಜಾ ಢಾಲೆ ಮುಂತಾದವರು ದಲಿತ ಪ್ಯಾಂಥರ್ಸ್ ಕಟ್ಟಿದಾಗ ಅಲ್ಲಿಂದ ಹೆಸರು ತಗೊಂಡರು, ಬಂದೂಕು ತಗೊಳ್ಳಲಿಲ್ಲ. ಪತ್ರಿಕೆ, ಕವಿತೆ, ಬೀದಿ ಅವರ ಆಯುಧ ಆದವು.

ಕೊನೆಗೆ ನಮ್ಮ ಕೈಲೇ ಇರುವ ಒಂದು ಕಾನೂನಿನ ಮಾತು. ಅಟ್ರಾಸಿಟಿ ಕಾಯ್ದೆಯ 1995ರ ನಿಯಮಗಳಲ್ಲಿ 3ನೇ ನಿಯಮ ತೆಗೆದು ಓದಿ. ದೌರ್ಜನ್ಯ ನಡೆಯಬಹುದಾದ ಪ್ರದೇಶಗಳನ್ನು ಸರ್ಕಾರ ಗುರುತಿಸಬೇಕು. ಅಲ್ಲಿ ಎಸ್‌ಸಿ, ಎಸ್‌ಟಿ ಅಲ್ಲದವರ ಬಂದೂಕು ಲೈಸೆನ್ಸ್ ರದ್ದು ಮಾಡಿ ಆಯುಧಗಳನ್ನು ಸರ್ಕಾರಿ ಶಸ್ತ್ರಾಗಾರದಲ್ಲಿ ಇಡಿಸಬೇಕು. ಅಗತ್ಯ ಬಿದ್ದರೆ ನಮ್ಮ ಜನರಿಗೇ ಜೀವ, ಆಸ್ತಿ ರಕ್ಷಣೆಗೆ ಲೈಸೆನ್ಸ್ ಕೊಡಬಹುದು. ಇದು ಯಾರೋ ಕ್ರಾಂತಿಕಾರಿ ಬರೆದ ಕರಪತ್ರ ಅಲ್ಲ, ಭಾರತ ಸರ್ಕಾರದ ನಿಯಮ. ಆ ನಿಯಮ ಬಂದು ಎರಡು ವರ್ಷಕ್ಕೆ, 1997ರ ಡಿಸೆಂಬರ್ 1ರ ರಾತ್ರಿ, ಬಿಹಾರದ ಲಕ್ಷ್ಮಣಪುರ ಬಾಥೆಯಲ್ಲಿ ರಣವೀರ ಸೇನೆ 58 ದಲಿತರನ್ನು ಗುಂಡಿಟ್ಟು ಕೊಂದಿತು. 2013ರಲ್ಲಿ ಪಾಟ್ನಾ ಹೈಕೋರ್ಟ್ ಎಲ್ಲ 26 ಮಂದಿಯನ್ನೂ ಬಿಡುಗಡೆ ಮಾಡಿತು.

ಬಂದೂಕು ಹಿಡೀರಿ ಅಂತ ನಾನು ಯಾರಿಗೂ ಹೇಳಲ್ಲ. ಅದೇ ನಿಯಮಗಳ 17ನೆಯದರ ಪ್ರಕಾರ ಪ್ರತಿ ಜಿಲ್ಲೆಯ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ನಿಮ್ಮ ಜಿಲ್ಲೆಯಲ್ಲಿ ಕೊನೆಯ ಸಭೆ ಯಾವಾಗ ಆಯ್ತು, ದೌರ್ಜನ್ಯ ಪ್ರದೇಶ ಅಂತ ಯಾವ ಊರು ಗುರುತಿಸಿದ್ದಾರೆ, ಅಲ್ಲಿ ಎಷ್ಟು ಲೈಸೆನ್ಸ್ ರದ್ದಾಗಿವೆ? ಒಂದು ಮಾಹಿತಿ ಹಕ್ಕಿನ ಅರ್ಜಿ ಬರೆಯೋಕೆ ಹತ್ತು ರೂಪಾಯಿ, ಅರ್ಧ ಗಂಟೆ ಸಾಕು. ಒಬ್ಬರೇ ಹಾಕಬೇಡಿ, ಊರಿನ ನಾಲ್ಕು ಜನ ಸೇರಿ ಹಾಕಿ.

ಜೈಭೀಮ್.