ಶಂಖ ಊದಿದ ಊರು: ಫ್ರೆಡರಿಕ್‌ಸ್ಟೆಡ್

ಚಳಿಗಾಲದ ರಜೆಯಲ್ಲಿ ಕೆರಿಬಿಯನ್ ಕ್ರೂಸಿಗೆ ಹೋಗಿಬರುವುದು ನಮ್ಮ ಕೂಟದ ಸಂಸಾರಗಳಲ್ಲಿ ಈಗ ತಿರುಪತಿಗೆ ಹೋಗಿಬಂದಷ್ಟೇ ಸಾಮಾನ್ಯವಾಗಿದೆ. ಹಡಗು ದಿನಕ್ಕೊಂದು ದ್ವೀಪದಲ್ಲಿ ಬೆಳಿಗ್ಗೆ ಇಳಿಸುತ್ತದೆ, ಸಂಜೆ ಹತ್ತಿಸಿಕೊಳ್ಳುತ್ತದೆ. ಆ ಏಳೆಂಟು ಗಂಟೆಯೊಳಗೆ ಒಂದು ಗೈಡೆಡ್ ಟೂರು, ಒಂದು ಬೀಚು, ಒಂದಿಷ್ಟು ಶಾಪಿಂಗು. ಮನೆಗೆ ಬಂದಮೇಲೆ ಫೋಟೋ ನೋಡಿ ಇದು ಯಾವ ದ್ವೀಪ ಎಂದು ಗಂಡಹೆಂಡಿರು ವಾದ ಮಾಡುವುದೂ ಉಂಟು. ಸೇಂಟ್ ಕ್ರಾಯ್ ದ್ವೀಪದ ಫ್ರೆಡರಿಕ್‌ಸ್ಟೆಡ್ ಎಂಬ ಪುಟ್ಟ ಊರಿಗೆ ಹಾಗಾಗಬಾರದು ಎಂದು ನಮಗೆ ಅನಿಸಿದ್ದರಿಂದ ಈ ಲೇಖನ. ಇದರಲ್ಲಿ ಅರ್ಧ ನಮ್ಮ ಗೈಡು ಹೇಳಿದ್ದು, ಇನ್ನರ್ಧ ಹಿಂತಿರುಗಿದ ಮೇಲೆ ಲೈಬ್ರರಿಯಲ್ಲಿ ಓದಿ ತಿಳಿದದ್ದು.

ಸೇಂಟ್ ಕ್ರಾಯ್ ಅಮೆರಿಕಕ್ಕೆ ಸೇರಿದ ವರ್ಜಿನ್ ದ್ವೀಪಗಳಲ್ಲಿ ದೊಡ್ಡದು. ದೊಡ್ಡದೆಂದರೆ ಎಷ್ಟು? 84 ಚದರ ಮೈಲಿ, ಅಷ್ಟೇ. ಪಶ್ಚಿಮದ ತುದಿಯಲ್ಲಿ ಸಮುದ್ರದೊಳಕ್ಕೆ ಚಾಚಿದ ಉದ್ದನೆಯ ಪಿಯರ್, ಅದರ ಬುಡದಲ್ಲೇ ಕೆಂಪು ಬಣ್ಣದ ಒಂದು ಕೋಟೆ, ಅದರ ಪಕ್ಕ ಮರಳು. ಹಡಗಿನಿಂದ ಇಳಿದವರು ನಡೆದೇ ಬೀಚಿಗೆ ಹೋಗಬಹುದು. ನಾವು ನಾಲ್ಕು ಸಂಸಾರದವರು, ಊರಿನಿಂದ ಬಂದಿದ್ದ ಹಿರಿಯರೂ ಸೇರಿ, ಬೆಂಚು ಹಾಕಿದ ತೆರೆದ ಲಾರಿಯಂಥ 'ಸಫಾರಿ' ಬಸ್ಸು ಹತ್ತಿದೆವು. ಗೈಡು ಆಕೆ. ನಾವೆಲ್ಲರೂ ಒಬ್ಬೊಬ್ಬರಾಗಿ 'ಗುಡ್ ಮಾರ್ನಿಂಗ್' ಹೇಳುವ ತನಕ ಬಸ್ಸು ಹೊರಡಿಸಲಿಲ್ಲ. ನಮಸ್ಕಾರವಿಲ್ಲದೆ ಮಾತು ಶುರುಮಾಡುವುದು ಆ ದ್ವೀಪದಲ್ಲಿ ಮರ್ಯಾದೆಗೆಟ್ಟ ಕೆಲಸವಂತೆ. ನಮ್ಮ ಹಿರಿಯರಿಗೆ ಇದು ಬಹಳ ಹಿಡಿಸಿತು. ಇನ್ನೊಂದು ಸಂತೋಷ: ಬಾವುಟ ಅಮೆರಿಕದ್ದಾದರೂ ಗಾಡಿಗಳು ಊರಿನಲ್ಲಿದ್ದಂತೆ ರಸ್ತೆಯ ಎಡಗಡೆಯೇ ಓಡುತ್ತವೆ.

ಹೆಸರು ಡೇನಿಶ್, ಮಾತು ಇಂಗ್ಲಿಷ್, ಜನ ಆಫ್ರಿಕದ ಮೂಲದವರು. ಇದು ಹೇಗಾಯಿತು? 1733ರಲ್ಲಿ ಡೆನ್ಮಾರ್ಕಿನ ವೆಸ್ಟ್ ಇಂಡಿಯಾ ಕಂಪನಿ ಈ ದ್ವೀಪವನ್ನು ಫ್ರಾನ್ಸಿನಿಂದ ಕೊಂಡುಕೊಂಡಿತು. ಸಕ್ಕರೆ ಬೆಳೆಯುವುದೊಂದೇ ಉದ್ದೇಶ. ನೆಲ ತೆಗೆದುಕೊಳ್ಳಲು ಬಂದವರಲ್ಲಿ ಇಂಗ್ಲಿಷ್ ಮಾತಾಡುವ ತೋಟದ ಯಜಮಾನರೇ ಹೆಚ್ಚು. ಆದ್ದರಿಂದ ಡೆನ್ಮಾರ್ಕಿನ ರಾಜ್ಯದಲ್ಲೇ ಇಂಗ್ಲಿಷ್ ಬೇರೂರಿತು. ಫ್ರೆಡರಿಕ್‌ಸ್ಟೆಡ್ ಊರು ಹುಟ್ಟಿದ್ದು 1751ರಲ್ಲಿ. ಆಗಿನ ದೊರೆ ಐದನೆಯ ಫ್ರೆಡರಿಕ್‌ನ ಹೆಸರು. ಕೋಟೆ ಮುಗಿದದ್ದು 1760ರಲ್ಲಿ. ಹದಿನೆಂಟನೆಯ ಶತಮಾನದ ಕೊನೆಗೆ ಆ ಪುಟ್ಟ ದ್ವೀಪದಲ್ಲಿ 25 ಸಾವಿರದಷ್ಟು ಗುಲಾಮರಿದ್ದರು.

ಬಸ್ಸು ಊರು ಬಿಟ್ಟು ಒಳನಾಡಿಗೆ ಹೋಗುತ್ತಿದ್ದಂತೆ ಗೈಡು ಹಳೆಯ ಎಸ್ಟೇಟುಗಳ ಹೆಸರು ಹೇಳುತ್ತ ಹೋದರು: ಅಪ್ಪರ್ ಲವ್, ಜೆಲಸಿ, ವೀಲ್ ಆಫ್ ಫಾರ್ಚೂನ್, ವರ್ಕ್ ಅಂಡ್ ರೆಸ್ಟ್, ಹಾರ್ಡ್ ಲೇಬರ್. ಬಸ್ಸಿನಲ್ಲಿ ನಗು. ಕೊನೆಯ ಹೆಸರಿಗೆ ಅವರು ಮಾತ್ರ ನಗಲಿಲ್ಲ. ದಾರಿಯುದ್ದಕ್ಕೂ ತಲೆ ಹೋದ ಕಲ್ಲಿನ ಗೋಪುರಗಳು ಕಾಣುತ್ತವೆ. ಅವು ಕಬ್ಬು ಅರೆಯುತ್ತಿದ್ದ ಗಾಳಿಗಿರಣಿಗಳು. ನೂರಕ್ಕೂ ಹೆಚ್ಚು ಇದ್ದವಂತೆ.

ನಮ್ಮ ಜೊತೆಯಲ್ಲಿದ್ದ ಹಿರಿಯರೊಬ್ಬರು ಮಂಡ್ಯದ ಕಡೆಯವರು, ಮನೆಯಲ್ಲಿ ಆಲೆಮನೆ ಇಟ್ಟಿದ್ದವರು. ಕಬ್ಬು ಕಡಿದಮೇಲೆ ತಡಮಾಡಿದರೆ ಹಾಲು ಕೆಡುತ್ತದೆ, ರಾತ್ರಿಹಗಲು ಒಲೆ ಉರಿಯಲೇಬೇಕು ಎಂದು ಗೈಡಿಗಿಂತ ಮೊದಲು ಅವರೇ ನಮ್ಮ ಮಕ್ಕಳಿಗೆ ವಿವರಿಸಿದರು. ಕೆಲಸ ಒಂದೇ: ಅರೆಯುವುದು, ಒಂದು ಕೊಪ್ಪರಿಗೆಯಿಂದ ಇನ್ನೊಂದಕ್ಕೆ ಹಾಲು ದಾಟಿಸಿ ಕಾಯಿಸುವುದು, ಸಿಪ್ಪೆಯನ್ನೇ ಒಲೆಗೆ ಹಾಕುವುದು. ಆದರೆ ನಮ್ಮ ಆಲೆಮನೆಗೆ ದಾರಿಹೋಕರು ಬಂದರೂ ಒಂದು ಚೊಂಬು ಕಬ್ಬಿನ ಹಾಲು, ಅಂಗೈಗೆ ಬಿಸಿ ಬೆಲ್ಲ ಸಿಗುತ್ತಿತ್ತು. ಕೆರಿಬಿಯನ್ ಗಿರಣಿಗಳಲ್ಲಿ ರಾತ್ರಿ ಪಾಳಿಯಲ್ಲಿ ತೂಕಡಿಸಿದವರ ಕೈ ರೋಲರಿಗೆ ಸಿಕ್ಕಿಕೊಂಡರೆ ಕತ್ತರಿಸಿ ಬಿಡಿಸಲೆಂದು ಪಕ್ಕದಲ್ಲೇ ಒಂದು ಕೊಡಲಿ ಇಟ್ಟಿರುತ್ತಿದ್ದರು. ಗಾಳಿ ಬೀಸುತ್ತಿದ್ದರೆ ಗಿರಣಿ ಥಟ್ಟನೆ ನಿಲ್ಲುವುದಿಲ್ಲವಲ್ಲ.

ಇನ್ನು ನಮ್ಮ ಕಡೆಯ ಮಾತು. ಕಾವೇರಿ ಸೀಮೆಯ ತರಂಗಂಬಾಡಿಯಲ್ಲಿ ಡೆನ್ಮಾರ್ಕಿನವರು 1620ರಲ್ಲಿ ಕೋಟೆ ಕಟ್ಟಿ, 1845ರಲ್ಲಿ ಬ್ರಿಟಿಷರಿಗೆ ಮಾರುವ ತನಕ ಅಲ್ಲಿದ್ದರು. ತಮಿಳುನಾಡು ಪ್ರವಾಸ ಹೋದ ನಮ್ಮಲ್ಲಿ ಕೆಲವರು ಆ ಕೋಟೆಯನ್ನು ನೋಡಿದ್ದಾರೆ ಕೂಡ. ಕೋರಮಂಡಲ ತೀರದ ನೇಕಾರರು ನೇಯ್ದ ಹತ್ತಿಬಟ್ಟೆ ಕೋಪನ್‌ಹೇಗನ್ನಿಗೆ ಹೋಗುತ್ತಿತ್ತು. ಅಲ್ಲಿಂದ ಒಂದು ಪಾಲು ಆಫ್ರಿಕದ ಗೋಲ್ಡ್ ಕೋಸ್ಟಿನ ಡೇನಿಶ್ ಕೋಟೆಗಳಿಗೆ, ಅಂದರೆ ಈಗಿನ ಘಾನಾ ದೇಶದ ಆಕ್ರಾ ನಗರಕ್ಕೆ. ಅಲ್ಲಿ ಬಟ್ಟೆ ಕೊಟ್ಟು ಮನುಷ್ಯರನ್ನು ಕೊಳ್ಳುತ್ತಿದ್ದರು. ಡೇನಿಶ್ ಹಡಗುಗಳಲ್ಲಿ ಹೀಗೆ ಹೋದವರು ಒಂದು ಲಕ್ಷದಷ್ಟು ಜನ. ನಾವು ಚೌಕಾಬಾರ ಆಡುವ ಕವಡೆಯೂ ಈ ವ್ಯಾಪಾರದಲ್ಲಿ ನಾಣ್ಯವಾಗಿತ್ತು: ಮಾಲ್ಡೀವ್ಸಿನ ಕವಡೆಯನ್ನು ಯೂರೋಪಿನ ಹಡಗುಗಳು ಟನ್ನುಗಟ್ಟಲೆ ಪಶ್ಚಿಮ ಆಫ್ರಿಕಕ್ಕೆ ಸುರಿದವು. ನೇಕಾರನಿಗೆ ತನ್ನ ಬಟ್ಟೆ ಎಲ್ಲಿಗೆ ಹೋಯಿತೆಂದು ಗೊತ್ತಿರಲು ಕಾರಣವಿಲ್ಲ. ಆದರೂ ಮ್ಯೂಸಿಯಮ್ಮಿನಲ್ಲಿ ಗುಲಾಮರ ಕಥೆ ಓದುವಾಗ ಇದು ಬೇರೆಯವರ ವಿಷಯ ಎಂದು ಸುಮ್ಮನೆ ಮುಂದೆ ಹೋಗಲು ನಮಗೆ ಸಾಧ್ಯವಾಗಲಿಲ್ಲ.

ಡೆನ್ಮಾರ್ಕ್ ಗುಲಾಮರ ಸಾಗಣೆಯನ್ನು ನಿಲ್ಲಿಸುವುದಾಗಿ 1792ರಲ್ಲೇ ಕಾನೂನು ಮಾಡಿತ್ತು. ಜಾರಿಗೆ ಬಂದದ್ದು 1803ರಲ್ಲಿ. ಸಾಗಣೆ ನಿಂತರೂ ಗುಲಾಮಗಿರಿ ನಿಲ್ಲಲಿಲ್ಲ. 1847ರಲ್ಲಿ ಇನ್ನೊಂದು ಆಜ್ಞೆ: ಇನ್ನು ಮುಂದೆ ಹುಟ್ಟುವ ಕೂಸುಗಳು ಸ್ವತಂತ್ರರು, ಉಳಿದವರು ಇನ್ನೂ ಹನ್ನೆರಡು ವರ್ಷ ಕಾಯಬೇಕು. ಪಕ್ಕದ ಬ್ರಿಟಿಷ್ ದ್ವೀಪಗಳಲ್ಲಿ 1838ಕ್ಕೇ ಎಲ್ಲರೂ ಬಿಡುಗಡೆಯಾಗಿದ್ದರು. ಹನ್ನೆರಡು ವರ್ಷ ಯಾರು ಕಾಯುತ್ತಾರೆ?

1848ರ ಜುಲೈ 2ರ ರಾತ್ರಿ ಸೇಂಟ್ ಕ್ರಾಯ್‌ನ ಎಸ್ಟೇಟುಗಳಲ್ಲಿ ಗಂಟೆ ಬಾರಿಸಿತು, ಶಂಖ ಕೂಗಿತು. ಇಲ್ಲಿಯ ಸಮುದ್ರದಲ್ಲಿ ಸಿಗುವ ದೊಡ್ಡ ಗುಲಾಬಿ ಶಂಖವನ್ನು ತೋಟದಲ್ಲಿ ಕೆಲಸಕ್ಕೆ ಕರೆಯಲು ಊದುತ್ತಿದ್ದರು. ಆ ರಾತ್ರಿ ಊದಿದ್ದು ಕೆಲಸ ನಿಲ್ಲಿಸಲು. ದಾಸಯ್ಯನ ಶಂಖ, ಕುರುಕ್ಷೇತ್ರದ ಶಂಖ ಎರಡನ್ನೂ ಬಲ್ಲ ನಮಗೆ ಈ ಮೂರನೆಯ ಶಂಖದ ಕಥೆ ಕೇಳಿ ರೋಮಾಂಚನವಾಯಿತು. ಬೆಳಗಾಗುವಷ್ಟರಲ್ಲಿ ಜನ ಫ್ರೆಡರಿಕ್‌ಸ್ಟೆಡ್ ಕೋಟೆಯ ಮುಂದೆ ಸೇರತೊಡಗಿದರು, ಒಟ್ಟು ಎಂಟು ಸಾವಿರದಷ್ಟು. ಮುಂದಾಳು ಮೋಸೆಸ್ ಗಾಟ್ಲೀಬ್ ಎಂಬ ತರುಣ. ಜನ ಅವನನ್ನು ಜನರಲ್ ಬುಡ್ಡೋ ಎನ್ನುತ್ತಾರೆ. ಬಿಡುಗಡೆ ಇಂದೇ ಬೇಕು, ಇಲ್ಲವಾದರೆ ಊರಿಗೆ ಬೆಂಕಿ ಎಂಬುದು ಅವರ ಷರತ್ತು. ಗವರ್ನರ್ ಪೀಟರ್ ಫಾನ್ ಶೋಲ್ಟನ್ ಕ್ರಿಶ್ಚಿಯನ್‌ಸ್ಟೆಡ್‌ನಿಂದ ಸಾರೋಟಿನಲ್ಲಿ ಬಂದಾಗ ಮಧ್ಯಾಹ್ನವಾಗಿತ್ತು. ದೊರೆಯ ಅಪ್ಪಣೆಗೆ ಕಾಯದೆ, ಡೇನಿಶ್ ದ್ವೀಪಗಳ ಗುಲಾಮರೆಲ್ಲ ಈ ದಿನದಿಂದಲೇ ಸ್ವತಂತ್ರರೆಂದು ಅಲ್ಲೇ ಘೋಷಿಸಿಬಿಟ್ಟ. ಅದಕ್ಕಾಗಿ ಆತ ಸ್ವದೇಶದಲ್ಲಿ ವಿಚಾರಣೆ ಎದುರಿಸಬೇಕಾಯಿತು, ಕಡೆಗೆ ಖುಲಾಸೆಯೂ ಆಯಿತು. ಬುಡ್ಡೋವನ್ನು ಹಡಗು ಹತ್ತಿಸಿ ಗಡೀಪಾರು ಮಾಡಿದರು. ಈ ಊರನ್ನು 'ಫ್ರೀಡಂ ಸಿಟಿ' ಎನ್ನುವುದು ಇದರಿಂದಲೇ. ಕೋಟೆಯ ಬಳಿಯ ಪುಟ್ಟ ಪಾರ್ಕಿಗೂ ಬುಡ್ಡೋವಿನ ಹೆಸರಿದೆ.

ಸಾಮಾನ್ಯವಾಗಿ ಟೂರಿನ ಕಥೆ ಇಲ್ಲಿಗೆ ಚಪ್ಪಾಳೆಯೊಂದಿಗೆ ಮುಗಿಯುತ್ತದೆ. ನಿಜವಾಗಿ ತಿಳಿಯಬೇಕಾದದ್ದು ಇದರ ನಂತರದ್ದು ಎಂದು ನಮ್ಮ ಅಭಿಪ್ರಾಯ.

ಆರೇ ತಿಂಗಳಲ್ಲಿ, 1849ರ ಜನವರಿಯಲ್ಲಿ, ಹೊಸ ಕೂಲಿ ಕಾನೂನು ಬಂತು. ಒಂದು ಎಸ್ಟೇಟಿಗೆ ಒಪ್ಪಿಕೊಂಡವನು ಇಡೀ ವರ್ಷ ಬಿಡುವಂತಿಲ್ಲ. ಬಿಡಬೇಕಾದರೆ ಆಗಸ್ಟಿನಲ್ಲೇ ನೋಟೀಸು ಕೊಟ್ಟು ಅಕ್ಟೋಬರ್ 1ರಂದು ಮಾತ್ರ ಬೇರೆ ಎಸ್ಟೇಟಿಗೆ ಹೋಗಬಹುದು. ಕೂಲಿಯನ್ನೂ ಕಾನೂನೇ ಗೊತ್ತುಮಾಡಿತು: ಮೊದಲ ದರ್ಜೆಯವರಿಗೆ ದಿನಕ್ಕೆ 15 ಸೆಂಟು, ಎರಡನೆಯವರಿಗೆ 10, ಮೂರನೆಯವರಿಗೆ 5. ಜೀತಕ್ಕೆ ಕಾಗದ ಬಂತು, ಅಷ್ಟೇ.

ಇಷ್ಟಾದರೂ ಯಜಮಾನರಿಗೆ ಆಳು ಸಾಲದು. ಆಗ ಅವರ ಕಣ್ಣು ಹಿಂದೂಸ್ಥಾನದ ಮೇಲೆ ಬಿತ್ತು. ಬ್ರಿಟಿಷ್ ಗಯಾನಾಕ್ಕೆ 1838ರಿಂದ, ಟ್ರಿನಿಡಾಡಿಗೆ 1845ರಿಂದ ನಮ್ಮವರು ಐದು ವರ್ಷದ ಕರಾರಿನ ಮೇಲೆ ಹೋಗುತ್ತಿದ್ದರು. ಬ್ರಿಟಿಷ್ ಸರ್ಕಾರದ ಒಪ್ಪಿಗೆ ಪಡೆದು 1863ರಲ್ಲಿ 'ಮಾರ್ಸ್' ಎಂಬ ಹಡಗು ಕಲ್ಕತ್ತೆಯಿಂದ ಮುನ್ನೂರಕ್ಕೂ ಹೆಚ್ಚು ಗಂಡಸರು, ಹೆಂಗಸರು, ಮಕ್ಕಳನ್ನು ಸೇಂಟ್ ಕ್ರಾಯ್‌ಗೆ ತಂದಿಳಿಸಿತು. ಅವರನ್ನು ಎಸ್ಟೇಟುಗಳಿಗೆ ಹಂಚಿದರು. ಐದು ವರ್ಷ ಮುಗಿದು 1868ರಲ್ಲಿ ಅವರಲ್ಲಿ ಹೆಚ್ಚಿನವರು ಊರಿಗೆ ಹಿಂತಿರುಗುವ ಹಡಗು ಹತ್ತಿದರು. ಭಾರತದಿಂದ ಕರಾರು ಕೂಲಿಗಳ ಇನ್ನೊಂದು ಹಡಗು ಆ ದ್ವೀಪಕ್ಕೆ ಬರಲಿಲ್ಲ. ಟ್ರಿನಿಡಾಡ್, ಗಯಾನಾಗಳಲ್ಲಿ ಲಕ್ಷಗಟ್ಟಲೆ ಭಾರತೀಯರು ನೆಲೆ ನಿಂತರೆ ಇಲ್ಲಿ ಆ ಅಧ್ಯಾಯ ಒಂದೇ ಹಡಗಿನಲ್ಲಿ ಬಂದು ಹೋಯಿತು. ಗೈಡು ಇದನ್ನು ಹೇಳಲಿಲ್ಲ. ಕೇಳಿದಾಗ, ಹೌದು, ಇಂಡಿಯದವರು ಬಂದಿದ್ದರಂತೆ ಎಂದಷ್ಟೇ ಅಂದರು.

ನಾವೂ ಕಾಂಟ್ರಾಕ್ಟ್ ಹಿಡಿದು ಸಮುದ್ರ ದಾಟಿದವರೇ ಅಲ್ಲವೇ ಎಂದು ನಮ್ಮ ಗುಂಪಿನ ಎಂಜಿನಿಯರ್ ಮಿತ್ರರು ತಮಾಷೆ ಮಾಡಿದರು. ವೀಸಾದ ಕಷ್ಟ ನಮಗೂ ಗೊತ್ತು. ಆದರೆ ನಾವು ಓದಿ ಸಹಿ ಹಾಕಿ ವಿಮಾನ ಹತ್ತಿದವರು. ಮೂಗು ಹಿಡಿದುಕೊಂಡು ತಿಂಗಳುಗಟ್ಟಲೆ ಹಡಗಿನಲ್ಲಿ ಬಂದು, ಕಬ್ಬು ಕಡಿದು, ಉಳಿದವರಷ್ಟೇ ವಾಪಸು ಹೋದವರ ಪಕ್ಕದಲ್ಲಿ ನಮ್ಮನ್ನು ನಿಲ್ಲಿಸಿಕೊಳ್ಳುವುದು ಸರಿಯಲ್ಲ.

ಮಧ್ಯೆ ಒಂದು ದೈವದ ಏಟು ಕೂಡ. 1867ರ ನವೆಂಬರ್ 18ರಂದು ಭೂಕಂಪವಾಗಿ ಸಮುದ್ರ ಎದ್ದು ಬಂತು. ಅಮೆರಿಕದ 'ಮೊನಾಂಗಹೇಲ' ಎಂಬ ಯುದ್ಧನೌಕೆಯನ್ನೇ ಎತ್ತಿ ಫ್ರೆಡರಿಕ್‌ಸ್ಟೆಡ್‌ನ ದಡದ ಮೇಲೆ ಇಟ್ಟಿತು. ಅದನ್ನು ಮತ್ತೆ ನೀರಿಗಿಳಿಸಲು ಮರುವರ್ಷದ ಮೇ ತಿಂಗಳೇ ಬರಬೇಕಾಯಿತು.

1878ರ ಅಕ್ಟೋಬರ್ 1, ಕರಾರು ಬದಲಿಸುವ ದಿನ. ಕೂಲಿಗಳು ಊರಿಗೆ ಬಂದು ಸೇರಿದ್ದರು. ದ್ವೀಪ ಬಿಟ್ಟು ಹೋಗಲು ಇನ್ನು ಪರವಾನಗಿ ಸಿಗುವುದಿಲ್ಲ, ಪೊಲೀಸರು ಹಿಡಿದ ಕೂಲಿಯೊಬ್ಬ ಸತ್ತ ಎಂಬ ಸುದ್ದಿ ಹರಡಿತು. ಜನ ಕೋಟೆಗೆ ನುಗ್ಗಲು ನೋಡಿದರು. ಕೋಟೆ ಬೀಳಲಿಲ್ಲ, ಊರಿಗೆ ಬೆಂಕಿ ಬಿತ್ತು. ಮೂವತ್ತು ವರ್ಷದ ಹಿಂದೆ ಹೇಳಿ ಬಿಟ್ಟಿದ್ದ ಮಾತು ಈಗ ನಡೆದುಹೋಯಿತು. ಬೆಂಕಿ ಎಸ್ಟೇಟಿನಿಂದ ಎಸ್ಟೇಟಿಗೆ ಹಬ್ಬಿ ಹತ್ತಾರು ತೋಟಗಳು ಸುಟ್ಟವು. ಇದಕ್ಕೆ ದ್ವೀಪದ ಜನ ಇಟ್ಟ ಹೆಸರು 'ಫೈರ್‌ಬರ್ನ್'. ಮುಂದೆ ನಿಂತವರು ಹೆಂಗಸರು: ಮೇರಿ ಥಾಮಸ್, ಆಗ್ನೆಸ್, ಮಟಿಲ್ಡಾ. ಜನ ಅವರನ್ನು ರಾಣಿಯರೆಂದೇ ಕರೆದರು. ಡಜನ್‌ಗಟ್ಟಲೆ ಕೂಲಿಗಳು ಸತ್ತರು. ಹನ್ನೆರಡು ಜನರನ್ನು ಸೇನಾ ವಿಚಾರಣೆ ನಡೆಸಿ ಕೂಡಲೇ ಗುಂಡಿಟ್ಟು ಕೊಂದರು. ರಾಣಿಯರನ್ನು 1882ರಲ್ಲಿ ಕೋಪನ್‌ಹೇಗನ್ನಿನ ಹೆಂಗಸರ ಜೈಲಿಗೆ ಸಾಗಿಸಿದರು, 1887ರಲ್ಲಿ ದ್ವೀಪಕ್ಕೆ ಮರಳಿ ತಂದರು. ಆದರೆ 1849ರ ಕಾನೂನು 1879ಕ್ಕೆ ಇಲ್ಲವಾಯಿತು. ನಮ್ಮ ಬಸ್ಸು ಓಡಿದ ದ್ವೀಪದ ನಡುವಿನ ರಸ್ತೆಗೆ ಇಂದು ಕ್ವೀನ್ ಮೇರಿ ಹೈವೇ ಎಂದೇ ಹೆಸರು. 2018ರಲ್ಲಿ ಕೋಪನ್‌ಹೇಗನ್ನಿನ ಬಂದರಿನಲ್ಲೂ ಆಕೆಯ ಹೆಸರಿನ ದೊಡ್ಡ ಪ್ರತಿಮೆ ನಿಲ್ಲಿಸಿದರು.

ಈ ಚರಿತ್ರೆಯನ್ನು ಊರಿನ ಮನೆಗಳಲ್ಲೇ ಓದಬಹುದು. ಸಮುದ್ರದ ಎದುರಿನ ಬೀದಿಯಲ್ಲಿ ಕೆಳಗಿನ ಅಂತಸ್ತು ದಪ್ಪ ಕಲ್ಲಿನ ಕಮಾನು, ಮೇಲಿನದು ಕುಸುರಿ ಕೆಲಸದ ಮರ. ಕೆಳಗಿನದು ಬೆಂಕಿಯಲ್ಲಿ ಉಳಿದದ್ದು, ಮೇಲಿನದು 1878ರ ನಂತರ ಕಟ್ಟಿದ್ದು. ಎಲ್ಲರೂ ಇದನ್ನು ಚಂದವೆಂದು ಫೋಟೋ ಹಿಡಿಯುತ್ತಾರೆ. ಚಂದವೂ ಹೌದು.

ಊರಿನ ದಕ್ಷಿಣಕ್ಕೆ ಸ್ಯಾಂಡಿ ಪಾಯಿಂಟ್ ಎಂಬ ಉದ್ದನೆಯ ಬಿಳಿ ಮರಳಿನ ತೀರವಿದೆ. ಭಾರಿ ಗಾತ್ರದ ಲೆದರ್‌ಬ್ಯಾಕ್ ಆಮೆಗಳು ಮೊಟ್ಟೆಯಿಡುವ ತಿಂಗಳುಗಳಲ್ಲಿ ಅಲ್ಲಿ ಪ್ರವೇಶವಿಲ್ಲ. 1994ರ 'ಶಾಶ್ಯಾಂಕ್ ರಿಡೆಂಪ್ಶನ್' ಚಿತ್ರದಲ್ಲಿ ಜೈಲಿನಿಂದ ಬಿಡುಗಡೆಯಾದ ಗೆಳೆಯ ಕೊನೆಗೆ ಬಂದು ಸೇರುವ ಬೀಚು ಇದೇ. ಕಥೆಯಲ್ಲಿ ಮಾತ್ರ ಅದು ಮೆಕ್ಸಿಕೋ. ನಮ್ಮ ಮಕ್ಕಳಿಗೆ ಇಡೀ ದಿನದಲ್ಲಿ ಹೆಚ್ಚು ಖುಷಿ ಕೊಟ್ಟ ಸುದ್ದಿ ಇದು. ಸಿನಿಮಾದ ಬಿಡುಗಡೆ ಇಲ್ಲಿ, ನಿಜವಾದ ಬಿಡುಗಡೆ ಆ ಕೋಟೆಯ ಮುಂದೆ, ಎರಡೂ ಒಂದೇ ಊರಿನ ಅಂಚಿನಲ್ಲಿ.

1917ರ ಮಾರ್ಚ್ 31ರಂದು ಡೆನ್ಮಾರ್ಕ್ ಈ ದ್ವೀಪಗಳನ್ನು ಎರಡೂವರೆ ಕೋಟಿ ಡಾಲರಿಗೆ ಅಮೆರಿಕಕ್ಕೆ ಮಾರಿತು. ಅಲ್ಲಿನವರು 1927ರಿಂದ ಅಮೆರಿಕದ ಪ್ರಜೆಗಳು, ಆದರೆ ಅಧ್ಯಕ್ಷರ ಚುನಾವಣೆಯಲ್ಲಿ ಇಂದಿಗೂ ಓಟಿಲ್ಲ.

ಮುಂದೆ ಹೋಗುವವರಿಗೆ ಎರಡು ಮಾತು. ಬೀಚಿಗೆ ಓಡುವ ಮೊದಲು ಕೋಟೆಗೆ ಅರ್ಧ ಗಂಟೆ ಇಟ್ಟುಕೊಳ್ಳಿ. ಪಿಯರ್ ದಾಟಿದರೆ ಅದೇ ಮೊದಲು ಸಿಗುತ್ತದೆ. ಮಧ್ಯಾಹ್ನದ ಊಟಕ್ಕೆ ಸಸ್ಯಾಹಾರಿಗಳು ರೋಟಿ ಮಾರುವ ಅಂಗಡಿ ಕೇಳಿ. ನಮ್ಮ ಚಪಾತಿಯಂಥದ್ದೇ, ಒಳಗೆ ಅರೆದ ಬೇಳೆ, ಬೆಲ್ಲವಿಲ್ಲದ ಹೋಳಿಗೆ ಎನ್ನಿ. ಜೊತೆಗೆ ಆಲೂಗೆಡ್ಡೆ ಪಲ್ಯ. 'ಮಾರ್ಸ್' ಹಡಗಿನವರು ಬಿಟ್ಟುಹೋದದ್ದಲ್ಲ ಅದು. ಟ್ರಿನಿಡಾಡಿನಲ್ಲಿ ಉಳಿದುಕೊಂಡವರ ಮೊಮ್ಮಕ್ಕಳು ಕೆಲಸ ಹುಡುಕಿಕೊಂಡು ಬಂದಾಗ ತಂದದ್ದು. ಖಾರ ಬೇಕೇ ಎಂದು ಕೇಳುತ್ತಾರೆ. ಸ್ವಲ್ಪ ಎಂದೇ ಹೇಳಿ.