ರೋಸಿಟಾ ಬಂದು ಕೂತ ಮೂಲೆ

ಕ್ಯಾಲಿಫೋರ್ನಿಯಾದ ಅನಹೈಮ್ ಪಟ್ಟಣದ ಡಿಸ್ನಿಲ್ಯಾಂಡ್‌ನಲ್ಲಿ ಒಂದೇ ಸೂರಿನ ಕೆಳಗೆ ಎರಡು ಮುಖಗಳಿರುವ ಕಟ್ಟಡವೊಂದಿದೆ. ಮುಂಭಾಗ ನಡುಚೌಕದ ಕಡೆಗೆ ತಿರುಗಿದೆ. ಹತ್ತೊಂಬತ್ತನೇ ಶತಮಾನದ ಅಮೆರಿಕದ ಪೇಟೆಬೀದಿಯ ಹೋಟೆಲಿನ ಠೀವಿ ಅದಕ್ಕೆ. ಸುತ್ತಿಕೊಂಡು ಹಿಂದಕ್ಕೆ ಹೋದರೆ ಚಾವಣಿ ಸೋಗೆಯ ವೇಷ ತೊಟ್ಟು ಪೆಸಿಫಿಕ್ ದ್ವೀಪದ ಜಗಲಿಯಾಗುತ್ತದೆ. ಈ ಹಿಂಬದಿಯ ಜಗಲಿ 1962ರಿಂದ ಈಚೆಗೆ ಮೂರು ಹೆಸರು ಕಂಡಿದೆ: ಟಹೀಶಿಯನ್ ಟೆರೇಸ್, ಅಲ್ಲಾದಿನ್ಸ್ ಓಯಸಿಸ್, ಟ್ರಾಪಿಕಲ್ ಹೈಡ್‌ಅವೇ. ಮೊದಲನೆಯದು ಮೂವತ್ತು ವರ್ಷ ಬಾಳಿತು, ಎರಡನೆಯದು ಬಹುಬೇಗ ಸೊರಗಿ ಕುರ್ಚಿ ಮೇಜುಗಳ ಗೋದಾಮಿನಂತಾಯಿತು, ಮೂರನೆಯದರಲ್ಲಿ ಈಗ ಕೂರಲು ಜಾಗ ಸಿಕ್ಕರೆ ಪುಣ್ಯ. ಗೆಲುವನ್ನೂ ಸೋಲನ್ನೂ ತಟ್ಟೆಯಲ್ಲಿ ಬಡಿಸಿದ್ದರ ರುಚಿಗೆ ಕಟ್ಟುವುದು ಸುಲಭ. ದಾಖಲೆ ಹೇಳುವುದು ಬೇರೆ. ಪಕ್ಕದಲ್ಲಿ ಹರಿಯುವ ನದಿಗೆ, ಎದುರಿನ ಹಕ್ಕಿಮನೆಗೆ, ಸುಮ್ಮನೆ ಓಡಾಡುವ ಜನರ ಬಿಡುವಿಗೆ ಈ ಜಗಲಿ ಎಷ್ಟು ತೆರೆದುಕೊಂಡಿತ್ತೋ ಅಷ್ಟರಮಟ್ಟಿಗೆ ಬದುಕಿದೆ. ನೆರೆಹೊರೆಗೆ ಬೆನ್ನು ಹಾಕಿದಾಗಲೆಲ್ಲ ಬಾಡಿದೆ.

ಮೊದಲು ದುಡ್ಡಿನ ಮಾತು. 1955ರ ಜುಲೈ 17ರಂದು ಡಿಸ್ನಿಲ್ಯಾಂಡ್ ತೆರೆದಾಗ ವಾಲ್ಟ್ ಡಿಸ್ನಿಯ ಬಳಿ ಅಡುಗೆಮನೆ ನಡೆಸುವಷ್ಟು ಬಂಡವಾಳ ಉಳಿದಿರಲಿಲ್ಲ. ಕಿತ್ತಳೆ ತೋಟ ಕಡಿದು ಕಟ್ಟಿದ ಪಾರ್ಕಿಗೆ 1.7 ಕೋಟಿ ಡಾಲರ್ ತಗಲಿತ್ತು. ಸಾಲಕ್ಕೆ ಜಾಮೀನು ನಿಂತ ಎಬಿಸಿ ದೂರದರ್ಶನ ಸಂಸ್ಥೆ ಪಾರ್ಕಿನ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚನ್ನು ಪಡೆದದ್ದಲ್ಲದೆ, ತಿಂಡಿ ಪಾನೀಯಗಳ ಲಾಭವನ್ನೂ ಹತ್ತು ವರ್ಷಕ್ಕೆ ಬರೆಸಿಕೊಂಡಿತ್ತು. ಉಳಿದ ಮಳಿಗೆಗಳನ್ನು ಆಹಾರ ಕಂಪನಿಗಳು ಬಾಡಿಗೆಗೆ ಹಿಡಿದು ತಮ್ಮ ಸರಕಿನ ಜಾಹೀರಾತಾಗಿ ನಡೆಸಿದವು. 1960ರಲ್ಲಿ 75 ಲಕ್ಷ ಡಾಲರ್ ತೆತ್ತು ಎಬಿಸಿಯ ಪಾಲನ್ನು ಕೊಂಡ ಮೇಲೆ ಡಿಸ್ನಿ ಕಂಪನಿಯ ಕೈಕಟ್ಟು ಬಿಚ್ಚಿತು. ಎರಡು ವರ್ಷ ಕಳೆಯುವಷ್ಟರಲ್ಲಿ ನಮ್ಮ ಜಗಲಿ ಹುಟ್ಟಿತು. ಉಣ್ಣುವವರ ಹಸಿವನ್ನಷ್ಟೇ ನೋಡದೆ ಅವರ ಕಣ್ಣು ಕಿವಿಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡ ಊಟದ ಜಾಗ ಅದು.

ಟಹೀಟಿಯೇ ಯಾಕೆ? ಆ ಕಾಲದ ಅಮೆರಿಕ ದ್ವೀಪಗಳ ಗುಂಗಿನಲ್ಲಿತ್ತು. 1930ರ ದಶಕದಲ್ಲೇ ಹಾಲಿವುಡ್‌ನ ಡಾನ್ ದ ಬೀಚ್‌ಕೋಂಬರ್, ಓಕ್ಲೆಂಡ್‌ನ ಟ್ರೇಡರ್ ವಿಕ್ಸ್ ಎಂಬ ಪಾನಗೃಹಗಳು ಬಿದಿರು, ಬಲೆ, ಮರದ ಮುಖವಾಡಗಳ ಅಲಂಕಾರಕ್ಕೆ ಬೇಡಿಕೆ ಹುಟ್ಟಿಸಿದ್ದವು. ಎರಡನೇ ಮಹಾಯುದ್ಧ ಲಕ್ಷಾಂತರ ಸೈನಿಕರನ್ನು ಪೆಸಿಫಿಕ್‌ಗೆ ಕರೆದೊಯ್ದು ವಾಪಸು ತಂದಿತು. 1959ರಲ್ಲಿ ಹವಾಯಿ ಐವತ್ತನೇ ರಾಜ್ಯವಾಯಿತು, ಅದೇ ಹೊತ್ತಿಗೆ ಜೆಟ್ ವಿಮಾನಗಳು ಹಾರತೊಡಗಿದವು. ಹೋಗಿ ಬರಲು ಕೈಗೂಡದ ಮಧ್ಯಮ ವರ್ಗಕ್ಕೆ ಟಹೀಶಿಯನ್ ಟೆರೇಸ್ ಬೇಸಿಗೆಯ ಸಂಜೆಗಳಲ್ಲಿ ಊಟದ ಜೊತೆ ಹುಲಾ ನೃತ್ಯವನ್ನೂ ಬೆಂಕಿಯ ಕುಣಿತವನ್ನೂ ಬಡಿಸಿತು. ಇದನ್ನು ಸಾಧ್ಯವಾಗಿಸಿದ ಇನ್ನೊಂದು ಸಂಗತಿ ಟಿಕೆಟ್ಟಿನ ಪದ್ಧತಿ. ಅಂದು ಒಳಗೆ ಹೋಗುವುದಕ್ಕೆ ಒಂದು ದರ, ಪ್ರತಿ ಆಟಕ್ಕೂ ಎ ಇಂದ ಇ ವರೆಗಿನ ಬೇರೆ ಬೇರೆ ಚೀಟಿ. ಚೀಟಿಪುಸ್ತಕ ಮುಗಿದವರು ಮುಂದಿನ ಆಟಕ್ಕೆ ಮತ್ತೆ ದುಡ್ಡು ಬಿಚ್ಚಬೇಕು, ಇಲ್ಲವೇ ಎಲ್ಲಾದರೂ ಕೂರಬೇಕು. ಕೂರುವುದು ಆಗ ನಷ್ಟದ ಬಾಬ್ತಾಗಿರಲಿಲ್ಲ. 1982ರಲ್ಲಿ ಚೀಟಿಪುಸ್ತಕ ಹೋಗಿ, ಬಾಗಿಲಲ್ಲಿ ಒಮ್ಮೆ ಕೊಟ್ಟರೆ ಎಲ್ಲ ಆಟವೂ ಎಂಬ ಪದ್ಧತಿ ನೆಲೆಯೂರಿತು. ಅಲ್ಲಿಂದ ಮುಂದೆ ಮೇಜಿನ ಮುಂದೆ ಕಳೆದ ಪ್ರತಿ ಗಂಟೆಯೂ ಕೈತಪ್ಪಿದ ಒಂದು ಆಟ. ನಿಧಾನದ ಊಟದ ಜಾಗಗಳು ಸೊರಗಿದ್ದಕ್ಕೆ ಇದೊಂದೇ ಕಾರಣವೆಂದು ನಾನು ಹೇಳಲಾರೆ, ಆದರೆ ಇದನ್ನು ಬಿಟ್ಟು ಲೆಕ್ಕ ಹಾಕಿದರೆ ಉತ್ತರ ಸರಿಬರುವುದಿಲ್ಲ.

ಎದುರಿನ ಹಕ್ಕಿಮನೆಯ ಕಥೆ ಇದಕ್ಕೆ ಹೆಣೆದುಕೊಂಡೇ ಇದೆ. 1963ರ ಜೂನ್ 23ರಂದು ತೆರೆದ ಎನ್‌ಚಾಂಟೆಡ್ ಟಿಕಿ ರೂಮ್ ಮೂಲದಲ್ಲಿ ಹೋಟೆಲಾಗಬೇಕಿತ್ತು. ವಿನ್ಯಾಸಕಾರ ಜಾನ್ ಹೆಂಚ್ ಬರೆದ ಚಿತ್ರದಲ್ಲಿ ಊಟದ ಮೇಜುಗಳ ಮೇಲೆ ಹಕ್ಕಿ ಪಂಜರಗಳು ತೂಗುತ್ತಿದ್ದವಂತೆ. ತಟ್ಟೆಗೆ ಹಿಕ್ಕೆ ಬೀಳುತ್ತದಲ್ಲ ಎಂದು ವಾಲ್ಟ್ ತಕರಾರು ತೆಗೆದಾಗ, ಮಾತು ತುಂಬಿಸಿಟ್ಟ ಹಕ್ಕಿಗಳಿಗೆ ಹೊರಳಿ, ಅಲ್ಲಿಂದ ಯಂತ್ರದ ಹಕ್ಕಿಗಳಿಗೆ ಬಂದು ನಿಂತಿತೆಂದು ಹೆಂಚ್ ನೆನಪಿಸಿಕೊಂಡಿದ್ದಾರೆ. ಹಾಡುವ ಯಂತ್ರಹಕ್ಕಿಗಳು ತಯಾರಾದ ಮೇಲೆ ಎದ್ದ ತೊಂದರೆ ಹೋಟೆಲು ನಡೆಸುವ ಯಾರಿಗೂ ಅರ್ಥವಾಗುವಂಥದು: ಇಂಥ ತಮಾಷೆ ತಲೆಯ ಮೇಲೆ ನಡೆಯುತ್ತಿದ್ದರೆ ಉಂಡವರು ಎದ್ದು ಹೋಗುವುದಿಲ್ಲ. ಮೇಜುಗಳನ್ನು ತೆಗೆದು ಬರೀ ಪ್ರದರ್ಶನವನ್ನು ಉಳಿಸಿದರು. ಹೀಗೆ ಊಟ ಒಂದು ಬದಿಗೆ, ಹಕ್ಕಿಗಳು ಇನ್ನೊಂದು ಬದಿಗೆ ಉಳಿದವು. ನಡುವೆ ಒಂದು ಕಾಲುದಾರಿ. 1976ರಲ್ಲಿ ಡೋಲ್ ಅನಾನಸ್ ಕಂಪನಿ ಟಿಕಿ ರೂಮಿನ ಪ್ರಾಯೋಜಕನಾಗಿ ಬಂದು ಪಕ್ಕದಲ್ಲೇ ಒಂದು ಜ್ಯೂಸ್ ಕಟ್ಟೆ ಇಟ್ಟಿತು. 1980ರ ದಶಕದಲ್ಲಿ ಅಲ್ಲಿಗೆ ಡೋಲ್ ವಿಪ್ ಬಂತು. ನಮ್ಮೂರಿನ ಜಾತ್ರೆಗಳಲ್ಲಿ ಸಾಫ್ಟಿ ಎನ್ನುತ್ತೇವಲ್ಲ, ಅದೇ ಜಾತಿಯದು. ಹಾಲಿಲ್ಲ, ಅನಾನಸಿನ ಹುಳಿಸಿಹಿ ಇದೆ. ಮುಂದೆ ಅದಕ್ಕೆ ಬೆಳೆದ ಸಾಲು ದಾರಿಗೇ ಅಡ್ಡವಾಯಿತು. ಕಟ್ಟೆಗೆ ಎರಡು ಕಿಂಡಿ, ಹೊರಗೊಂದು, ಟಿಕಿ ರೂಮಿನ ಅಂಗಳದ ಒಳಗೊಂದು; ಒಳಗಿನದರಲ್ಲಿ ಸಾಲು ಕಮ್ಮಿ ಎಂಬುದು ಪದೇಪದೇ ಬರುವವರ ಗುಟ್ಟಾಯಿತು. ಕಿಂಡಿ ಎರಡಿದ್ದರೂ ತೆಗೆದುಕೊಂಡವರು ಕೂತು ತಿನ್ನಲು ಸರಿಯಾದ ಜಾಗ ಮಾತ್ರ ಇರಲಿಲ್ಲ.

ಜಾಗವಿದ್ದದ್ದು ಎದುರಿನ ಜಗಲಿಯಲ್ಲಿ. ಆದರೆ 1993ರಲ್ಲಿ ಟಹೀಶಿಯನ್ ಟೆರೇಸನ್ನು ಮುಚ್ಚಿ, ಹಿಂದಿನ ವರ್ಷವಷ್ಟೇ ಗೆದ್ದಿದ್ದ ಅಲ್ಲಾದಿನ್ ಸಿನಿಮಾದ ಹೆಸರನ್ನು ಅದಕ್ಕೆ ಅಂಟಿಸಲಾಗಿತ್ತು. ಒಂದು ಕಡೆ ಆಫ್ರಿಕ-ಏಷ್ಯಗಳ ನದಿಗಳನ್ನು ಒಟ್ಟಿಗೆ ಕಲಸಿದ ಜಂಗಲ್ ಕ್ರೂಸ್ ದೋಣಿಯಾನ, ಇನ್ನೊಂದು ಕಡೆ ಪೆಸಿಫಿಕ್ ಹಕ್ಕಿಗಳು, ನಡುವೆ ಆ ಸಿನಿಮಾದ ಮರುಭೂಮಿಯ ಊರು ಅಗ್ರಬಾ. ಸಿನಿಮಾ ಬಿಸಿಯಿರುವವರೆಗೆ ಜನ ಬಂದರು. ಊಟದ ನಾಟಕ ಕೆಲವೇ ವರ್ಷಗಳಲ್ಲಿ ನಿಂತಿತು; ಆಮೇಲೆ ಕಥೆ ಹೇಳುವ ಕಾರ್ಯಕ್ರಮ ನಡೆಯಿತು, ಒಮ್ಮೊಮ್ಮೆ ವಿಶೇಷ ಭೋಜನಕ್ಕೆ ಬಾಗಿಲು ತೆಗೆದರು, ಉಳಿದಂತೆ ಮೌನ. ಇದರ ಸೋಲು ಕಳಪೆ ಅಡುಗೆಯ ಸೋಲೆಂದು ನನಗನ್ನಿಸುವುದಿಲ್ಲ. ಕುರ್ಚಿಗಳು ವೇದಿಕೆಗೆ ಮುಖ ಮಾಡಿದ್ದವು, ವೇದಿಕೆ ಬರಿದಾದ ಮೇಲೆ ಆ ಕುರ್ಚಿಗಳಿಗೆ ನೋಡಲು ಏನೂ ಉಳಿಯಲಿಲ್ಲ. ಟಹೀಶಿಯನ್ ಟೆರೇಸಿನಲ್ಲೂ ವೇದಿಕೆಯೇ ಮುಖ್ಯವಾಗಿತ್ತು ನಿಜ, ಆದರೆ ಅದು ನೆರೆಯವರ ಭಾಷೆಯನ್ನೇ ಆಡುತ್ತಿತ್ತು. ಅಗ್ರಬಾ ತನ್ನ ಸುತ್ತ ಗೋಡೆ ಕಟ್ಟಿಕೊಂಡು ಸಿನಿಮಾವೊಂದರ ಹಂಗಿನಲ್ಲಿ ಕೂತಿತು. ಸಿನಿಮಾ ಹಳತಾಗುತ್ತದೆ, ನದಿ ಹಳತಾಗುವುದಿಲ್ಲ.

2018ರ ಡಿಸೆಂಬರ್‌ನಲ್ಲಿ ತೆರೆದ ಟ್ರಾಪಿಕಲ್ ಹೈಡ್‌ಅವೇ ಕಟ್ಟಡದಲ್ಲಿ ಮಾಡಿದ ಬದಲಾವಣೆ ನೋಡಲು ಸಣ್ಣದು. ಊಟದ ಪ್ರದರ್ಶನದ ಯೋಚನೆಯನ್ನೇ ಕೈಬಿಟ್ಟರು, ಜಾಗ ನದಿಯ ಕಡೆಗೆ ತಿರುಗಿತು. ದೋಣಿಕಟ್ಟೆಯ ಸಂತೆ ಎಂಬ ಕಲ್ಪನೆಯಲ್ಲಿ ಮೇಜುಗಳನ್ನು ಹರಡಿದರು; ಪಕ್ಕದಲ್ಲೇ ಜಂಗಲ್ ಕ್ರೂಸಿನ ದೋಣಿಗಳು ಹಾದುಹೋಗುತ್ತವೆ, ಚಾಲಕರ ಹಳಸಲು ಜೋಕುಗಳು ಪುಕ್ಕಟೆಯಾಗಿ ಕಿವಿಗೆ ಬೀಳುತ್ತವೆ. ಡೋಲ್ ವಿಪ್ಪಿನ ಜೊತೆ ಬಾವೊ ಎಂಬ ಹಬೆಯಲ್ಲಿ ಬೆಂದ ಹೂರಣದ ಬನ್ನು ಬಂತು. ಎಲ್ಲಕ್ಕಿಂತ ಜಾಣತನದ ಸೇರ್ಪಡೆ ರೋಸಿಟಾ. ಟಿಕಿ ರೂಮಿನ ಪ್ರದರ್ಶನದಲ್ಲಿ ಹೆಣ್ಣು ಕಾಕಟೂ ಹಕ್ಕಿಗಳು ಇಳಿದು ಬರುವಾಗ, ರೋಸಿಟಾ ಎಲ್ಲಿ ಹೋದಳೋ ಎಂದು ಹೋಸೆ ಎಂಬ ಗಿಳಿ ವಿಚಾರಿಸುತ್ತದೆ. 1963ರಿಂದ ದಿನಕ್ಕೆ ಅದೆಷ್ಟು ಸಲವೋ ಕೇಳಿಬಂದ ಈ ಪ್ರಶ್ನೆಗೆ ಐವತ್ತೈದು ವರ್ಷ ಕಳೆದ ಮೇಲೆ ದಾರಿಯ ಆಚೆ ಬದಿಯಲ್ಲಿ ಉತ್ತರ ಸಿಕ್ಕಿತು. ರೋಸಿಟಾ ಇಲ್ಲಿ ಗೂಟದ ಮೇಲೆ ಕೂತು ತಿನ್ನುವವರೊಡನೆ ಹರಟೆ ಹೊಡೆಯುತ್ತಿದ್ದಾಳೆ. ಅದಕ್ಕೆ ಸಿನಿಮಾದ ಹಂಗು ಬೇಕಾಗಲಿಲ್ಲ. ಪಕ್ಕದ ಮನೆಯಲ್ಲಿ ಅರ್ಧಕ್ಕೆ ನಿಂತಿದ್ದ ಒಂದು ಮಾತೇ ಸಾಕಾಯಿತು.

ಇಷ್ಟೆಲ್ಲ ವಿಶ್ಲೇಷಣೆ ಯಾಕೆ, ಡೋಲ್ ವಿಪ್ ಮಾರಿದರೆ ಎಲ್ಲಿಟ್ಟರೂ ಜನ ಬರುತ್ತಾರೆ ಎನ್ನುವವರಿದ್ದಾರೆ. ಅರ್ಧ ಒಪ್ಪಬೇಕಾದ ಮಾತು. ಆ ಸಾಫ್ಟಿ ಇಲ್ಲದಿದ್ದರೆ ಮೊದಲ ದಿನವೇ ಸಾಲು ನಿಲ್ಲುತ್ತಿರಲಿಲ್ಲ. ಆದರೆ ಅಲ್ಲಾದಿನ್‌ನ ಮೂಲೆ ದೂಳು ತಿನ್ನುತ್ತಿದ್ದ ಅಷ್ಟೂ ಕಾಲ ಡೋಲ್ ವಿಪ್ ಹತ್ತು ಹೆಜ್ಜೆ ದೂರದಲ್ಲೇ ಮಾರಾಟವಾಗುತ್ತಿತ್ತು. ಒಂದು ಬದಿಯಲ್ಲಿ ತಿಂಡಿಯಿದ್ದು ಕೂರಲು ಜಾಗವಿಲ್ಲ, ಇನ್ನೊಂದು ಬದಿಯಲ್ಲಿ ಜಾಗವಿದ್ದು ತಿಂಡಿಯಿಲ್ಲ. ಎರಡನ್ನೂ ಸೇರಿಸಲು ಇಪ್ಪತ್ತೈದು ವರ್ಷ ಹಿಡಿಯಿತು. ಜನ ಬರೀ ತಿಂಡಿಗೆ ಬರುವವರಾಗಿದ್ದರೆ ಕಪ್ಪು ಹಿಡಿದು ನಡೆದುಬಿಡುತ್ತಿದ್ದರು, ಹಿಂದೆ ಹಾಗೆಯೇ ಮಾಡುತ್ತಿದ್ದರು ಕೂಡ. ಈಗ ನಿಲ್ಲುತ್ತಾರೆ. ಯಾರು ಹೀಗೆ ನಿಲ್ಲುವವರು ಎಂಬುದಕ್ಕೆ ಅದೇ ಕಟ್ಟಡದ ಮುಂಭಾಗದಲ್ಲಿ ಸುಳಿವಿದೆ. ಅಲ್ಲಿದ್ದ ಪ್ಲಾಜಾ ಪೆವಿಲಿಯನ್ ಎಂಬ ಊಟದ ಮನೆ ಮುಚ್ಚಿದ ಮೇಲೆ ಕೆಲವು ವರ್ಷ ವಾರ್ಷಿಕ ಪಾಸು ಕೊಡುವ ಕಚೇರಿ ನಡೆಯಿತು, 2012ರಲ್ಲಿ ಜಾಲಿ ಹಾಲಿಡೇ ಎಂಬ ಬೇಕರಿ ಬಂತು. ವರ್ಷದ ಪಾಸು ಇಟ್ಟುಕೊಂಡ ಸ್ಥಳೀಯರಿಗೆ ಕೈತಪ್ಪುವ ಆಟವೆಂಬುದಿಲ್ಲ. ಇವತ್ತಲ್ಲದಿದ್ದರೆ ಮುಂದಿನ ಶನಿವಾರ. ಚೀಟಿಪುಸ್ತಕದ ಕಾಲದ ಬಿಡುವು ಬೇರೆ ದಾರಿಯಿಂದ ಪಾರ್ಕಿನೊಳಗೆ ಮರಳಿ ಬಂದದ್ದು ಇವರ ಮೂಲಕ. ಹೋಸೆಯ ಪ್ರಶ್ನೆಯನ್ನು ನೂರು ಸಲ ಕೇಳಿ ಬಾಯಿಪಾಠ ಮಾಡಿಕೊಂಡವರೂ ಇವರೇ. ಮೊದಲ ಸಲ ಬಂದವರಿಗೆ ರೋಸಿಟಾ ಬರೀ ಒಂದು ಮಾತಾಡುವ ಹಕ್ಕಿ.

ಮೌನವೇ ಆ ಮೂಲೆಯ ಸೊಗಸಾಗಿತ್ತು, ಉಳಿಸುವ ಹೆಸರಲ್ಲಿ ಅದನ್ನೇ ಕಳೆದರು ಎಂಬ ಇನ್ನೊಂದು ಆಕ್ಷೇಪಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಹೈಡ್‌ಅವೇ, ಅಂದರೆ ಅಡಗುತಾಣ, ಎಂದು ಹೆಸರಿಟ್ಟು ಅಲ್ಲಿಗೆ ಎಲ್ಲರನ್ನೂ ಕರೆಯುವುದು ನಗೆಪಾಟಲಿನ ಸಂಗತಿಯೇ. ಆದರೂ ಮುಚ್ಚಿದ ಬಾಗಿಲಿನ ಹಿಂದಿನ ಮೌನ ಯಾರಿಗೂ ದಕ್ಕುವ ಮೌನವಲ್ಲ. ಬಾಗಿಲು ಹಾಕಿದ ಜಾಗದ ನಿಶ್ಶಬ್ದವನ್ನು ಅದರ ಗುಣವೆಂದು ಹೊಗಳುವುದು, ಹಾಳುಬಿದ್ದ ಛತ್ರದಲ್ಲಿ ಗಲಾಟೆಯಿಲ್ಲವೆಂದು ಮೆಚ್ಚಿದ ಹಾಗೆ.

ಗಂಭೀರವಾಗಿ ಎದುರಿಸಬೇಕಾದ ತಕರಾರು ಬೇರೆಯಿದೆ. ಮೂರೂ ಹೆಸರುಗಳು ಬೇರೆಯವರ ನಾಡನ್ನು ಅಮೆರಿಕದ ಊಟದ ಅಲಂಕಾರಕ್ಕೆ ಬಳಸಿಕೊಂಡವಲ್ಲವೇ? ಅನಾನಸಿನ ಚರಿತ್ರೆ ಈ ಪ್ರಶ್ನೆಯನ್ನು ಚುಚ್ಚಿ ಕೇಳುತ್ತದೆ. ಇದು ದಕ್ಷಿಣ ಅಮೆರಿಕದ ಹಣ್ಣು. ಅಲ್ಲಿಯ ಮೂಲನಿವಾಸಿಗಳ ಮಾತಿನಿಂದ ಪೋರ್ಚುಗೀಸರ ನಾಲಿಗೆಗೆ ಹತ್ತಿದ ಹೆಸರೇ ಅವರ ಹಡಗಿನಲ್ಲಿ ನಮ್ಮ ಕರಾವಳಿಗೂ ಬಂದಿತು, ಮದುವೆಮನೆಯ ಗೊಜ್ಜಿಗೆ ಕತ್ತರಿಸುವಾಗ ಇಂದಿಗೂ ನಾವು ಆಡುವುದು ಅದೇ ಹೆಸರನ್ನು. ಹವಾಯಿಗೆ ಮಾತ್ರ ಈ ಹಣ್ಣಿನ ಜೊತೆ ಬೇರೆ ಲೆಕ್ಕವೂ ಬಂದಿತು. 1893ರಲ್ಲಿ ರಾಣಿ ಲಿಲಿಯುಒಕಲಾನಿಯನ್ನು ಕೆಳಗಿಳಿಸಿದ ಮೇಲೆ ಅಲ್ಲಿ ಸ್ಥಾಪನೆಯಾದ ಗಣರಾಜ್ಯದ ಅಧ್ಯಕ್ಷ ಸ್ಯಾನ್‌ಫರ್ಡ್ ಡೋಲ್. 1901ರಲ್ಲಿ ಅನಾನಸ್ ಕಂಪನಿ ಶುರುಮಾಡಿ, 1922ರಲ್ಲಿ ಲಾನೈ ದ್ವೀಪವನ್ನು ಹೆಚ್ಚುಕಮ್ಮಿ ಇಡಿಯಾಗಿ ಕೊಂಡ ಜೇಮ್ಸ್ ಡೋಲ್ ಅವನ ಬಂಧು. ಈ ಕಥೆ ಜ್ಯೂಸ್ ಕಟ್ಟೆಯ ಫಲಕದಲ್ಲಿ ಇರುವುದಿಲ್ಲ, ಇರಬೇಕೆಂದು ನಿರೀಕ್ಷಿಸುವುದೂ ವ್ಯರ್ಥ. ಒಂದು ಮಾತನ್ನು ಒಪ್ಪಲೇಬೇಕು: ಟಹೀಶಿಯನ್ ಟೆರೇಸಿನ ಕಲ್ಪನೆ ಎಷ್ಟೇ ಅಗ್ಗದ್ದಾಗಿದ್ದರೂ ಅಲ್ಲಿ ಕುಣಿಯುವವರು ಜೀವಂತ ಮನುಷ್ಯರಾಗಿದ್ದರು, ಸಂಬಳ ಪಡೆಯುತ್ತಿದ್ದರು. ಅವರ ಜಾಗದಲ್ಲಿ ಈಗ ಯಂತ್ರದ ಹಕ್ಕಿ ಕೂತಿದೆ. ಹೊಸ ಅಲಂಕಾರ ಯಾವ ದೇಶದ್ದೆಂದೂ ಹೇಳದೆ ಜಾರಿಕೊಳ್ಳುತ್ತದೆ. ಚೀನೀಯರ ಬನ್ನು, ಹವಾಯಿಯ ಹೆಸರಿನ ಹಣ್ಣು, ಎಲ್ಲಿಯದೂ ಅಲ್ಲದ ದೋಣಿಕಟ್ಟೆ. ಯಾರನ್ನೂ ಅಣಕಿಸುವುದಿಲ್ಲ, ಯಾರನ್ನೂ ಕಾಣಿಸುವುದೂ ಇಲ್ಲ. 2021ರಲ್ಲಿ ಪಕ್ಕದ ಜಂಗಲ್ ಕ್ರೂಸ್ ತನ್ನ ‘ಕಾಡುಜನ’ರ ಬೊಂಬೆಗಳನ್ನು ತೆಗೆದುಹಾಕಿದಾಗ ಜಗಲಿಯಲ್ಲಿ ತೆಗೆಯಬೇಕಾದದ್ದು ಏನೂ ಇರಲಿಲ್ಲ ಎಂಬುದು ಅದರ ಜಾಣತನವೂ ಹೌದು, ತಪ್ಪಿಸಿಕೊಳ್ಳುವಿಕೆಯೂ ಹೌದು.

ದಾರಿಯ ಆ ಬದಿಯಲ್ಲಿ ಟಿಕಿ ರೂಮಿನ ಬಾಗಿಲು ತೆರೆದು ಮುಚ್ಚುತ್ತಲೇ ಇರುತ್ತದೆ. ಪ್ರತಿ ಆಟದಲ್ಲೂ ಹೋಸೆ ಇಂದಿಗೂ ಅದೇ ಪ್ರಶ್ನೆ ಕೇಳುತ್ತಾನೆ, ಯಾರೂ ಅವನ ಸಂಭಾಷಣೆಯನ್ನು ತಿದ್ದಿಲ್ಲ. ಬಾವೊ ತಿನ್ನುತ್ತಿರುವವರಿಗೆ ರೋಸಿಟಾ ಹತ್ತು ಹೆಜ್ಜೆ ಈಚೆಗೆ ತನ್ನ ಜೋಕು ಹೇಳುತ್ತಿರುತ್ತಾಳೆ.